ಪರೀಕ್ಷಕರ ಪರೀಕ್ಷೆ

ಕಳೆದ ತಿಂಗಳು ನಮಗೊಂದು ಕಾಗದ ಬಂದಿತು. ನಮ್ಮ ಸೀಮೆಯ ಒಂದು ಧರ್ಮಸಂಸ್ಥೆಯವರು, ಎಳೆಯ ಮಕ್ಕಳಿಗೆ ಓದು ಬರಹ ಲೆಕ್ಕಗಳನ್ನು ಕಲಿಸುವುದಕ್ಕೆ ಹೊಸ ಸಾಧನಗಳನ್ನು ಕಂಡುಹಿಡಿದವರಿಗಾಗಿ ಮತ್ತೊಮ್ಮೆ ಸ್ಪರ್ಧೆಯೊಂದನ್ನು ಏರ್ಪಡಿಸುವರೆಂದೂ, ಗೆದ್ದವರಿಗೆ ಆ ಸಾಧನವನ್ನು ಮಾಡಿ ಶಾಲೆಗಳಿಗೆ ಹಂಚುವ ಸಲುವಾಗಿ ಒಂದು ಲಕ್ಷ ರೂಪಾಯಿ ಕೊಡುವರೆಂದೂ, ಹಿಂದಿನಂತೆಯೇ ನಾವು ಪರೀಕ್ಷಕರಲ್ಲೊಬ್ಬರಾಗಿ ಬಂದು ಕುಳಿತುಕೊಳ್ಳಬೇಕೆಂದೂ ಅದರಲ್ಲಿ ಬರೆದಿದ್ದಿತು. ಇಂಥ ಕಾಗದ ಬಂದರೆ ಯಾರಿಗಾದರೂ ಸಂತೋಷವಾಗಬೇಕಾದುದೇ. ಹಾರ ಹಾಕುವರು, ಶಾಲು ಹೊದಿಸುವರು, ಮಧ್ಯಾಹ್ನದ ಊಟಕ್ಕೆ ಹೋಳಿಗೆ ಇರುವುದು. ಆದರೂ ನಾವು ಆ ಕಾಗದವನ್ನು ಮಡಿಸಿ ಪಂಚಾಂಗದ ನಡುವೆ ಇಟ್ಟು, ಹದಿನೈದು ದಿನ ಅದರ ಕಡೆ ಕಣ್ಣೆತ್ತಿ ನೋಡಲಿಲ್ಲ. ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು. ಹಿಂದಿನ ಸಲ, 2018ರಲ್ಲಿ, ನಾವು ಕೊಟ್ಟ ತೀರ್ಪು ತಪ್ಪಾಗಿದ್ದಿತು. ತಪ್ಪೆಂದು ನಮಗೆ ತಿಳಿಯುವುದಕ್ಕೆ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ತಿಳಿಸಿದವಳು ಆರು ವರ್ಷದ ಒಬ್ಬ ಹುಡುಗಿ.

ಹಣವನ್ನೊಡ್ಡಿ ಬುದ್ಧಿಯನ್ನು ಕರೆಯುವ ಪದ್ಧತಿಯೇನೋ ಹೊಸತಲ್ಲ. 1714ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು, ನಡುಗಡಲಿನಲ್ಲಿ ಹಡಗು ಪೂರ್ವಪಶ್ಚಿಮವಾಗಿ ಎಲ್ಲಿದೆಯೆಂದು ತಿಳಿಯುವ ಉಪಾಯವನ್ನು ಕಂಡುಹಿಡಿದವರಿಗೆ 20,000 ಪೌಂಡುಗಳವರೆಗೆ ಬಹುಮಾನವನ್ನು ಸಾರಿತು. ತೀರ್ಪುಗಾರರ ಮಂಡಲಿಯಲ್ಲಿದ್ದ ಜ್ಯೋತಿಶ್ಶಾಸ್ತ್ರಜ್ಞರು ಉತ್ತರವು ಚಂದ್ರ ನಕ್ಷತ್ರಗಳಿಂದ ಬರುವುದೆಂದು ನಂಬಿದ್ದರು. ಅದು ಬಂದುದು ಜಾನ್ ಹ್ಯಾರಿಸನ್ ಎಂಬ ಬಡಗಿಯ ಕೈಯಿಂದ, ಕಡಲಿನ ಕುಲುಕಾಟಕ್ಕೂ ಜಗ್ಗದ ಒಂದು ಗಡಿಯಾರದ ರೂಪದಲ್ಲಿ. 1761ರಲ್ಲಿ ಆ ಗಡಿಯಾರವನ್ನು ಹಡಗಿನಲ್ಲಿಟ್ಟು ಜಮೈಕಾ ದ್ವೀಪದವರೆಗೂ ಕಳುಹಿಸಿ ನೋಡಿದರು. ಅದು ಸರಿಯಾಗಿಯೇ ನಡೆಯಿತು. ಅಷ್ಟಾದರೂ ಪರೀಕ್ಷಕರ ಸಂದೇಹ ತೀರದೆ, ಆತನಿಗೆ ಸಲ್ಲಬೇಕಾದ ಹಣದ ಕಡೆಯ ಭಾಗವು ಪಾರ್ಲಿಮೆಂಟಿನವರೇ ನಡುವೆ ಬಂದು ಕೊಡಿಸಿದ ಮೇಲೆ, 1773ರಲ್ಲಿ, ಆತನ ಎಂಬತ್ತನೆಯ ವಯಸ್ಸಿನಲ್ಲಿ ಕೈಸೇರಿತು.

ಇನ್ನೊಂದು ಕಥೆ ಅಡಿಗೆಮನೆಗೆ ಸೇರಿದ್ದು. ಫ್ರಾನ್ಸಿನ ನಿಕೋಲಾ ಅಪೇರ್ ಎಂಬ ಮಿಠಾಯಿಗಾರನು, ಆಹಾರವನ್ನು ಸೀಸೆಯಲ್ಲಿ ತುಂಬಿ, ಬಿರಡೆಯನ್ನು ಭದ್ರವಾಗಿ ಬಿಗಿದು, ಕುದಿಯುವ ನೀರಿನಲ್ಲಿಟ್ಟು ಬೇಯಿಸಿದರೆ ತಿಂಗಳುಗಟ್ಟಲೆ ಕೆಡದೆಂದು ಕಂಡುಹಿಡಿದನು. ಅಲ್ಲಿನ ಸರ್ಕಾರವು 1810ರಲ್ಲಿ ಆತನಿಗೆ 12,000 ಫ್ರಾಂಕುಗಳನ್ನು ಕೊಟ್ಟಿತು. ಕೊಡುವಾಗ ವಿಧಾನವನ್ನು ಗುಟ್ಟಾಗಿಡದೆ ಅಚ್ಚು ಹಾಕಿಸಿ ಎಲ್ಲರಿಗೂ ತಿಳಿಸಬೇಕೆಂಬ ಕಟ್ಟಳೆಯನ್ನು ಹಾಕಿತು. ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಕಟ್ಟುವ ನಮ್ಮ ಗೃಹಿಣಿಯರಿಗೆ ಆ ಮನುಷ್ಯನ ಸಾಹಸದ ಬೆಲೆ ಬೇರೆ ಹೇಳಬೇಕಾಗಿಲ್ಲ.

ಈ ಎರಡು ಕಥೆಗಳಲ್ಲಿ ಎರಡು ವಿವೇಕಗಳಿವೆ. ಸಾಧನವನ್ನು ಅದು ಕೆಲಸಮಾಡಬೇಕಾದ ಸ್ಥಳದಲ್ಲಿಯೇ ಇಟ್ಟು ನೋಡಬೇಕೆಂಬುದು ಒಂದು. ಹಣ ಕೊಟ್ಟ ಮೇಲೆ ಆ ವಿದ್ಯೆ ಹತ್ತು ಜನಕ್ಕೆ ತೆರೆದಿರಬೇಕೆಂಬುದು ಇನ್ನೊಂದು. 2018ರಲ್ಲಿ ನಮಗೆ ಈ ಕಥೆಗಳು ಗೊತ್ತಿದ್ದುವು. ಗೊತ್ತಿರುವುದು ಬೇರೆ, ಹೊಳೆಯುವುದು ಬೇರೆ.

ಆ ವರ್ಷ ಸ್ಪರ್ಧೆ ನಡೆದುದು ಒಂದು ಕಲ್ಯಾಣಮಂಟಪದಲ್ಲಿ. ಇಪ್ಪತ್ತಮೂರು ಮಂದಿ ತಮ್ಮ ತಮ್ಮ ಸಾಧನಗಳನ್ನು ಹೊತ್ತು ತಂದಿದ್ದರು. ಹತ್ತಿರದ ಶಾಲೆಯ ಮಕ್ಕಳು ಸ್ವಾಗತಗೀತವನ್ನು ಹಾಡಿ, ಸಿಹಿ ತೆಗೆದುಕೊಂಡು ಹೊರಟುಹೋದರು. ಪರೀಕ್ಷಕರು ಮೂವರು, ಒಬ್ಬೊಬ್ಬ ಸ್ಪರ್ಧಿಗೂ ಹತ್ತು ನಿಮಿಷ, ಹತ್ತಾದೊಡನೆ ಗಂಟೆ. ನಮ್ಮ ಕೈಗೆ ಕೊಟ್ಟಿದ್ದ ಪಟ್ಟಿಯಲ್ಲಿ ನಾಲ್ಕು ಮನೆಗಳಿದ್ದುವು: ನಾವೀನ್ಯ, ಅಂದ, ವಿವರಣೆ, ಖರ್ಚು. ಮಕ್ಕಳು ಕಲಿತರೇ ಎಂಬುದಕ್ಕೆ ಮನೆಯಿರಲಿಲ್ಲ. ಇಲ್ಲವೆಂಬುದನ್ನು ಆ ದಿನ ಯಾರೂ ಗಮನಿಸಲೂ ಇಲ್ಲ.

ಒಬ್ಬ ತರುಣನು ಹಲಗೆಯಷ್ಟಗಲದ ಪೆಟ್ಟಿಗೆಯೊಂದನ್ನು ತಂದಿದ್ದನು. ಅದರ ಮೇಲೆ ಅಕ್ಷರಗಳ ಗುಂಡಿಗಳು. ಗುಂಡಿಯನ್ನು ಒತ್ತಿದರೆ ಒಳಗೆ ದೀಪ ಹತ್ತುವುದು, ಇಂಪಾದ ದನಿಯೊಂದು ಅಕ್ಷರದ ಹೆಸರನ್ನು ಹೇಳುವುದು, ಸರಿಯಾಗಿ ಒತ್ತಿದ ಮಗುವಿಗೆ ಚಪ್ಪಾಳೆ ತಟ್ಟುವುದು. ಆತನು ಬುದ್ಧಿವಂತ, ಕೇಳಿದ ಪ್ರಶ್ನೆಗಳಿಗೆಲ್ಲ ವಿನಯದಿಂದ ಉತ್ತರಕೊಟ್ಟನು. ಆತನಲ್ಲಿ ದೋಷವೇನೂ ಇರಲಿಲ್ಲವೆಂದು ಇಲ್ಲಿಯೇ ಹೇಳಿಬಿಡುತ್ತೇವೆ.

ಆತನಾದ ಮೇಲೆ ದೂರದ ಹಳ್ಳಿಯೊಂದರ ಶಿಕ್ಷಕಿಯೊಬ್ಬರು ಬಂದರು. ಬಸ್ಸಿನ ಧೂಳು ಸೀರೆಯ ಮೇಲೆ ಇನ್ನೂ ಇದ್ದಿತು. ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಎರಡು ಚಕ್ರಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಹಳೆಯ ಲಗ್ನಪತ್ರಿಕೆಗಳ ರಟ್ಟನ್ನು ಕತ್ತರಿಸಿ, ಒಂದರ ಮೇಲೊಂದಿಟ್ಟು, ಸೈಕಲ್ಲಿನ ಕಡ್ಡಿಯ ತುಂಡನ್ನು ಅಚ್ಚಾಗಿ ಸಿಕ್ಕಿಸಿದ್ದರು. ತಿರುಗಿಸಿದರೆ ಕಿಟಕಿಯಲ್ಲಿ ಕಾಗುಣಿತದ ಅಕ್ಷರಗಳು ಒಂದೊಂದಾಗಿ ಮೂಡುವುವು. ಪರೀಕ್ಷಕರಲ್ಲೊಬ್ಬರು, "ಇಂಥ ಚಕ್ರಗಳನ್ನು ನೋಡಿದ್ದೇವಲ್ಲ, ಇದರಲ್ಲಿ ಹೊಸದೇನು?" ಎಂದರು. "ಮಕ್ಕಳು ಇದನ್ನು ತಿರುಗಿಸುತ್ತ ತಾವೇ ಓದಿಕೊಳ್ಳುತ್ತಾರೆ, ಹರಿದರೆ ತಾವೇ ಇನ್ನೊಂದನ್ನು ಮಾಡಿಕೊಳ್ಳುತ್ತಾರೆ" ಎಂದು ಆಕೆ ಹೇಳಿದರು. ನಾವು ಒಂದು ಚಕ್ರವನ್ನು ಕೈಗೆ ತೆಗೆದುಕೊಂಡು ನೋಡಿ, "ಅಕ್ಷರಗಳು ಅರ್ಧಂಬರ್ಧ ಬರೆದಂತಿವೆಯಲ್ಲ, ತಾಯಿ" ಎಂದೆವು. ಆಕೆ ಏನನ್ನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗಂಟೆ ಬಾರಿಸಿತು. ನಾವೀನ್ಯದ ಮನೆಯಲ್ಲಿ ನಾವು ಹತ್ತಕ್ಕೆ ಎರಡನ್ನು ಬರೆದೆವು. ಲಕ್ಷ ರೂಪಾಯಿ ದೀಪದ ಪೆಟ್ಟಿಗೆಗೆ ಹೋಯಿತು.

ಮರುವರ್ಷ, 2019ರ ಮೇ ತಿಂಗಳಲ್ಲಿ, ಇಂಥದೇ ಆದರೆ ಇದಕ್ಕಿಂತ ಬಹು ದೊಡ್ಡದಾದ ಒಂದು ಸ್ಪರ್ಧೆಯ ಫಲವನ್ನು ಪತ್ರಿಕೆಗಳಲ್ಲಿ ಓದಿದೆವು. ಅಮೇರಿಕದಲ್ಲಿ ಎಕ್ಸ್‌ಪ್ರೈಜ್ ಎಂಬ ಸಂಸ್ಥೆಯುಂಟು. ದೊಡ್ಡ ಬಹುಮಾನಗಳನ್ನು ಸಾರಿ ಕಠಿನವಾದ ಕಾರ್ಯಗಳಿಗೆ ಜನರನ್ನು ಹುರಿದುಂಬಿಸುವುದೇ ಅದರ ಕೆಲಸ. ಅದು 2014ರ ಸೆಪ್ಟೆಂಬರಿನಲ್ಲಿ 1.5 ಕೋಟಿ ಡಾಲರುಗಳ ಸ್ಪರ್ಧೆಯೊಂದನ್ನು ಪ್ರಕಟಿಸಿತು. ಹಣ ಕೊಟ್ಟವರು ಈಲಾನ್ ಮಸ್ಕ್. ಉಪಾಧ್ಯಾಯರಿಲ್ಲದ ಊರಿನ ಮಕ್ಕಳು ತಮ್ಮಷ್ಟಕ್ಕೆ ತಾವೇ, ಒಬ್ಬರಿಗೊಬ್ಬರು ಒತ್ತಾಸೆಯಾಗಿ, ಓದು ಬರಹ ಲೆಕ್ಕಗಳ ಮೊದಲ ಮೆಟ್ಟಿಲನ್ನು ಹತ್ತುವಂತೆ ಮಾಡುವ ಪಾಠಗಳನ್ನು ಟ್ಯಾಬ್ಲೆಟ್ಟಿನಲ್ಲಿ ರಚಿಸಬೇಕೆಂಬುದು ಪಂಥ. ಈ ಟ್ಯಾಬ್ಲೆಟ್ಟೆಂಬುದು ನಾವು ಚಿಕ್ಕಂದಿನಲ್ಲಿ ಬಗಲಿನಲ್ಲಿ ಸಿಕ್ಕಿಸಿಕೊಂಡು ಹೋಗುತ್ತಿದ್ದ ಸ್ಲೇಟಿನಷ್ಟೇ ಗಾತ್ರದ್ದು. ಆದರೆ ಬಳಪ ಬೇಡ, ಮಾತಾಡುತ್ತದೆ.

40 ದೇಶಗಳಿಂದ 198 ತಂಡಗಳು ಹೆಸರು ಕೊಟ್ಟುವು. 2017ರಲ್ಲಿ ಐದು ತಂಡಗಳನ್ನು ಆರಿಸಿ ಒಂದೊಂದಕ್ಕೂ 10 ಲಕ್ಷ ಡಾಲರುಗಳನ್ನು ಕೊಟ್ಟರು. ಆ ಐದರಲ್ಲಿ ಒಂದು ನಮ್ಮ ಬೆಂಗಳೂರಿನದು. ಚಿಂಪಲ್ ಎಂದು ಅದರ ಹೆಸರು. ಅರವತ್ತಕ್ಕೆ ಮಿಕ್ಕಿದ ಆಟಗಳನ್ನೂ ಎಪ್ಪತ್ತು ಕತೆಗಳನ್ನೂ ಅದು ಹೆಣೆದಿದ್ದಿತು. ಉಳಿದುವು ಲಂಡನ್ನಿನ ಒನ್‌ಬಿಲಿಯನ್, ಬರ್ಕ್ಲಿಯ ಕಿಟ್‌ಕಿಟ್ ಸ್ಕೂಲ್, ಪಿಟ್ಸ್‌ಬರ್ಗಿನ ರೋಬೋಟ್ಯೂಟರ್, ನ್ಯೂಯಾರ್ಕಿನ ಸಿ.ಸಿ.ಐ. ಎಂಬವು. ಇವುಗಳಲ್ಲಿ ಕಿಟ್‌ಕಿಟ್ ಸ್ಕೂಲನ್ನು ರಚಿಸಿದವರು ಕೊರಿಯಾ ದೇಶದಿಂದ ಬಂದ ಸೂಇನ್ ಲೀ ಎಂಬಾಕೆ ಮತ್ತು ಆಕೆಯ ಪತಿ. ಕಂಪ್ಯೂಟರಿನ ಆಟಗಳನ್ನು ರಚಿಸುವ ಉದ್ಯೋಗದಲ್ಲಿದ್ದ ಆ ತಾಯಿ, ವಿಶೇಷವಾದ ಅಗತ್ಯಗಳಿದ್ದ ತನ್ನ ಮಗುವಿನ ಕಲಿಕೆಯನ್ನು ನೆನೆದು ಈ ದಾರಿಗೆ ಬಂದಳೆಂಬುದನ್ನು ನಮ್ಮ ಮನೆಯ ಹೆಂಗಸರು ಎರಡು ಸಲ ಓದಿಸಿ ಕೇಳಿದರು.

ನಮ್ಮನ್ನು ತಟ್ಟಿದುದು ಮುಂದಿನ ಸಂಗತಿ. ದೊಡ್ಡ ಬಹುಮಾನವನ್ನು ಕೊಡುವುದಕ್ಕೆ ಮೊದಲು ಐದು ತಂಡಗಳ ಪಾಠಗಳನ್ನೂ ಪೂರ್ವ ಆಫ್ರಿಕದ ಟಾಂಜಾನಿಯಾ ದೇಶದ ಟಾಂಗಾ ಪ್ರಾಂತಕ್ಕೆ ಒಯ್ದರು. ಗೂಗಲ್ ಸಂಸ್ಥೆ ಟ್ಯಾಬ್ಲೆಟ್ಟುಗಳನ್ನು ದಾನಮಾಡಿತು. ಯುನೆಸ್ಕೋ, ವಿಶ್ವ ಆಹಾರ ಕಾರ್ಯಕ್ರಮ, ಅಲ್ಲಿಯ ಸರ್ಕಾರ ಇವು ಕೈಜೋಡಿಸಿದುವು. ವಿದ್ಯುತ್ತಿಲ್ಲದ ಕಡೆ ಬಿಸಿಲಿನಿಂದಲೇ ಅವಕ್ಕೆ ಶಕ್ತಿ ತುಂಬುವ ಏರ್ಪಾಡಾಯಿತು. 170 ಹಳ್ಳಿಗಳ ಸುಮಾರು 3,000 ಮಕ್ಕಳು 15 ತಿಂಗಳ ಕಾಲ ಅವುಗಳಲ್ಲಿ ಸ್ವಾಹಿಲಿ ಭಾಷೆಯಲ್ಲಿ ಪಾಠಗಳನ್ನು ಕಲಿತರು. ಮೊದಲು ಕೇಳಿದಾಗ ಆ ಮಕ್ಕಳಲ್ಲಿ ನೂರಕ್ಕೆ 74 ಮಂದಿ ಶಾಲೆಗೆ ಹೋದವರೇ ಅಲ್ಲ. 80 ಮಂದಿಗೆ ಮನೆಯಲ್ಲಿ ಯಾರೂ ಏನನ್ನೂ ಓದಿ ಹೇಳಿದ್ದಿಲ್ಲ. 90ಕ್ಕಿಂತ ಹೆಚ್ಚು ಮಂದಿ ಸ್ವಾಹಿಲಿಯ ಒಂದು ಶಬ್ದವನ್ನೂ ಓದಲಾರರು. ಹದಿನೈದು ತಿಂಗಳಾದ ಮೇಲೆ, ಒಂದು ಶಬ್ದವನ್ನೂ ಓದಲಾರದವರ ಸಂಖ್ಯೆ ಅರ್ಧಕ್ಕೆ ಇಳಿಯಿತು. ಆ ಲೆಕ್ಕವನ್ನು ನೋಡಿಯೇ ತೀರ್ಪು ಕೊಟ್ಟರು. ಒನ್‌ಬಿಲಿಯನ್ನೂ ಕಿಟ್‌ಕಿಟ್ ಸ್ಕೂಲೂ ಸಮಸಮವಾಗಿ ನಿಂತು ತಲಾ 50 ಲಕ್ಷ ಡಾಲರುಗಳನ್ನು ಪಡೆದುವು. ಐದು ತಂಡಗಳ ಪಾಠಗಳೂ, ಅವುಗಳ ಒಳಗಿನ ಬರವಣಿಗೆಯೂ ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಭಾಷೆಗೆ ಒಗ್ಗಿಸಿಕೊಳ್ಳುವಂತೆ ತೆರೆದಿಡಲ್ಪಟ್ಟುವು. ಹ್ಯಾರಿಸನ್ನನ ಹಡಗೂ ಅಪೇರನ ಅಚ್ಚುಪುಸ್ತಕವೂ ಇಲ್ಲಿ ಜೊತೆಗೂಡಿದಂತಾಯಿತು.

ಅದನ್ನು ಓದಿ ನಾವು, 'ಅವರು ಹದಿನೈದು ತಿಂಗಳು ನೋಡಿದರು, ನಾವು ಹತ್ತು ನಿಮಿಷ ನೋಡಿದೆವು' ಎಂದುಕೊಂಡು ಸ್ವಲ್ಪ ನಾಚಿದೆವು. ಆದರೆ ಆ ನಾಚಿಕೆ ಪತ್ರಿಕೆಯನ್ನು ಮಡಿಸಿಡುವವರೆಗೆ ಮಾತ್ರ ಇದ್ದಿತು. ನಮ್ಮ ತೀರ್ಪು ಅವಸರದ್ದೆಂದು ತೋರಿತೇ ಹೊರತು ತಪ್ಪೆಂದು ತೋರಲಿಲ್ಲ.

2020ರ ಮಾರ್ಚಿನಲ್ಲಿ ಕರೋನಾ ಜಾಡ್ಯದಿಂದ ಶಾಲೆಗಳು ಮುಚ್ಚಿದುವು. ಕರ್ನಾಟಕದಲ್ಲಿ ಒಂದರಿಂದ ಐದನೆಯವರೆಗಿನ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರಿನಲ್ಲಿ. ನಮ್ಮ ಬೀದಿಗೆ ಹೂ ತರುವಾಕೆಯ ಮಗಳಿಗೆ ಆಗ ಆರು ವರ್ಷ. ಹೆಸರು ಒಂದನೆಯ ತರಗತಿಯ ದಾಖಲೆಯಲ್ಲಿ ಇದ್ದಿತು, ಮಗುವು ಆ ತರಗತಿಯ ಹೊಸ್ತಿಲನ್ನು ಕಂಡಿರಲಿಲ್ಲ. ನಮ್ಮ ಅಕ್ಕನು ಮೂವತ್ತನಾಲ್ಕು ವರ್ಷ ಒಂದನೆಯ ತರಗತಿಗೇ ಪಾಠ ಹೇಳಿ ವಿಶ್ರಾಂತಿ ಪಡೆದವಳು. ಆಕೆ ಆ ಹುಡುಗಿಯನ್ನು ದಿನವೂ ಸಂಜೆ ಜಗಲಿಯ ಮೇಲೆ ದೂರದಲ್ಲಿ ಕುಳ್ಳಿರಿಸಿಕೊಳ್ಳತೊಡಗಿದಳು.

ಮೊದಲು ನಾವು ನಮ್ಮ ಮೊಬೈಲಿನಲ್ಲಿ ಅಕ್ಷರದ ಪಾಠವೊಂದನ್ನು ತೆರೆದುಕೊಟ್ಟೆವು. ಹುಡುಗಿ ಅದನ್ನು ಬಹಳ ಮೆಚ್ಚಿದಳು. ವಾರದೊಳಗೆ ಕ ಎಂದರೆ ಒತ್ತುವಳು, ಗ ಎಂದರೆ ಒತ್ತುವಳು, ಮೊಬೈಲು ಭಲೆ ಎನ್ನುವುದು. ಅಕ್ಕನು ಒಂದು ದಿನ ಚಿತ್ರವನ್ನು ಬೆರಳಿನಿಂದ ಮುಚ್ಚಿ ಕೇಳಿದಳು. ಕಮಲದ ಚಿತ್ರ ಮರೆಯಾದೊಡನೆ ಮಗು ಸುಮ್ಮನಾಯಿತು. ಅದು ಓದಿದ್ದು ಕಮಲವನ್ನು, ಅಕ್ಷರವನ್ನಲ್ಲ. ಹಾಗೆಂದು ಮೊಬೈಲನ್ನು ಎತ್ತಿಡಲಿಲ್ಲ. ಪಕ್ಕದಲ್ಲಿ ಸ್ಲೇಟು ಬಂದಿತು. ಒಂದು ತಿಂಗಳಲ್ಲಿ ಅಕ್ಷರಮಾಲೆ ಮುಗಿದು ಕಾಗುಣಿತದ ಕಾಲ ಬಂದಾಗ ನಮಗೆ ಆ ಶಿಕ್ಷಕಿಯ ಚಕ್ರ ನೆನಪಾಯಿತು. "ಅದೇನು ಮಹಾ, ನಾವೇ ಮಾಡಿಕೊಡುತ್ತೇವೆ" ಎಂದು ಮನೆಯಲ್ಲಿದ್ದ ಲಗ್ನಪತ್ರಿಕೆಗಳನ್ನು ಹುಡುಕಿ ತೆಗೆದೆವು.

ಚಕ್ರ ಚೆನ್ನಾಗಿಯೇ ಆಯಿತು. ಒಳಗಿನ ಬಿಲ್ಲೆಯ ಮೇಲೆ ದುಂಡಗೆ ಕ ಎಂದು ಬರೆದು, ಹೊರಗಿನದರಲ್ಲಿ ಇಳಿ, ಗುಡಿಸು, ಕೊಂಬು, ಏತ್ವಗಳನ್ನು ಸುತ್ತ ಬರೆದೆವು. ಹುಡುಗಿಯ ಕೈಗೆ ಕೊಟ್ಟೆವು. ಆಕೆ ಗುಡಿಸಿನವರೆಗೆ ತಿರುಗಿಸಿ, ಕಿಟಕಿಯನ್ನು ಇಣಿಕಿ ನೋಡಿ, ನಕ್ಕುಬಿಟ್ಟಳು. "ತಾತಾ, ಇದಕ್ಕೆ ಎರಡು ತಲೆ!" ಎಂದಳು.

ನಿಜವೇ. ಕ ಎಂಬ ಅಕ್ಷರದ ನೆತ್ತಿಯ ಮೇಲೆ ತಲೆಕಟ್ಟು ಇದ್ದಂತೆಯೇ ಇದ್ದಿತು. ಅದರ ಮೇಲೆ ಗುಡಿಸು ಬಂದು ಕುಳಿತಿದ್ದಿತು. ಅಕ್ಕನು ಇಣಿಕಿ ನೋಡಿ, "ಗುಡಿಸು ಬಂದಾಗ ತಲೆಕಟ್ಟು ಇಳಿದುಹೋಗಬೇಡವೇ? ನಾವು ಚಿಕ್ಕವರಾಗಿದ್ದಾಗ ಮಠದಲ್ಲಿ ಏನೆಂದು ಕೂಗುತ್ತಿದ್ದೆವು? ತಲೆಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ. ತಲೆಕಟ್ಟೂ ಕೊಡುವ ವಸ್ತುವೇ, ಕಕಾರಕ್ಕೆ ಹುಟ್ಟಿನಿಂದ ಬಂದುದಲ್ಲ" ಎಂದಳು.

ಆ ಮಾತನ್ನು ಕೇಳಿದೊಡನೆ ನಮ್ಮ ಕೈ ಕತ್ತರಿಯ ಮೇಲೆಯೇ ನಿಂತಿತು. ಕಲ್ಯಾಣಮಂಟಪದ ಮೇಜು ಕಣ್ಣಿಗೆ ಕಟ್ಟಿತು. ಆ ಶಿಕ್ಷಕಿಯ ಚಕ್ರದಲ್ಲಿ ಅಕ್ಷರಗಳು ಅರ್ಧ ಬರೆದಂತಿದ್ದುದು ಕೈಯ ದೋಷದಿಂದಲ್ಲ. ಆಕೆ ಬೇಕೆಂದೇ ತಲೆಕಟ್ಟನ್ನು ಕಳಚಿ, ಅದನ್ನು ಗುಡಿಸು ಕೊಂಬುಗಳ ಸಾಲಿಗೆ ಸೇರಿಸಿದ್ದರು. ಆಗಲೇ ಕಿಟಕಿಯಲ್ಲಿ ಕ, ಕಾ, ಕಿ, ಕೆ ಎಂಬವು ಎರಡು ತಲೆಗಳಿಲ್ಲದೆ ನೆಟ್ಟಗೆ ಮೂಡುವುದು ಸಾಧ್ಯ. ಮತ್ತೆ, ಡಬ್ಬಿಯಲ್ಲಿ ಎರಡು ಚಕ್ರಗಳಿದ್ದುವಷ್ಟೆ. ಒಂದು ಹರಿದರೆ ಇರಲಿ ಎಂದು ತಂದ ಇನ್ನೊಂದೆಂದು ನಾವು ತಿಳಿದಿದ್ದೆವು. ಖ, ಜ, ಟ, ಣ, ಬ, ಲ ಮೊದಲಾದ ಅಕ್ಷರಗಳಿಗೆ ತಲೆಕಟ್ಟೇ ಇಲ್ಲ. ಅವುಗಳ ಪಾಡು ಬೇರೆ. ಆದುದರಿಂದ ಅವಕ್ಕೆ ಬೇರೆ ಚಕ್ರ. ಗಂಟೆ ಬಾರಿಸಿದಾಗ ಆಕೆ ಹೇಳಹೊರಟುದು ಇದನ್ನೇ ಇರಬೇಕು. ಎಷ್ಟು ವರ್ಷ ಎಷ್ಟು ಮಕ್ಕಳ ತಪ್ಪುಗಳನ್ನು ನೋಡಿ ಆಕೆ ಈ ಉಪಾಯವನ್ನು ಕಂಡಿರಬೇಕು! ಅದಕ್ಕೆ ನಾವು ಹತ್ತಕ್ಕೆ ಎರಡನ್ನು ಕೊಟ್ಟಿದ್ದೆವು.

ಅಕ್ಕನಿಗೆ ಎಲ್ಲವನ್ನೂ ಹೇಳಿದೆವು. ಆಕೆ ಬಯ್ಯಲಿಲ್ಲ. "ತೀರ್ಪು ಕೊಡುವಾಗ ಮಕ್ಕಳು ಎಲ್ಲಿದ್ದರು?" ಎಂದು ಮಾತ್ರ ಕೇಳಿದಳು. "ಸ್ವಾಗತಗೀತ ಹಾಡಿ ಹೊರಟುಹೋಗಿದ್ದರು" ಎಂದೆವು.

ಶಾಲೆಗಳು ತೆರೆದ ಮೇಲೆ ನಾವು ಎರಡು ಊರುಗಳಿಗೆ ಹೋಗಿಬಂದೆವು. ಬಹುಮಾನದ ಹಣದಿಂದ ಮಾಡಿ ಹಂಚಿದ ದೀಪದ ಪೆಟ್ಟಿಗೆಗಳಲ್ಲಿ ಒಂದು ಮೊದಲನೆಯ ಊರಿನ ಶಾಲೆಯಲ್ಲಿ ಇದ್ದಿತು. ಕಬ್ಬಿಣದ ಬೀರುವಿನ ಮೇಲಿನ ಅರೆಯಲ್ಲಿ, ಪ್ಲಾಸ್ಟಿಕ್ಕಿನ ಹೊದಿಕೆಯೊಳಗೆ, ಭದ್ರವಾಗಿ ಇದ್ದಿತು. "ಮಕ್ಕಳ ಕೈಗೆ ಕೊಟ್ಟು ಕೆಟ್ಟರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಲ್ಲ" ಎಂದರು ಮುಖ್ಯೋಪಾಧ್ಯಾಯರು. ಬ್ಯಾಟರಿ ಎಂದೋ ಸತ್ತಿದ್ದಿತು. ಹೊಸ ಬ್ಯಾಟರಿಗೆ ಹಣ ಯಾವ ಬಾಬಿನಿಂದ ಎಂಬುದು ತೀರ್ಮಾನವಾಗಿರಲಿಲ್ಲ. ಎರಡನೆಯದು ಆ ಶಿಕ್ಷಕಿಯ ಊರು. ಆಕೆಗೆ ವರ್ಗವಾಗಿ ಮೂರು ವರ್ಷವಾಗಿದ್ದಿತು. ಚಕ್ರಗಳು ಎಲ್ಲಿ ಎಂದರೆ ಯಾರಿಗೂ ತಿಳಿಯದು. ರಟ್ಟು ಎರಡು ಮಳೆಗಾಲಕ್ಕೆ ಬಾಳುವ ವಸ್ತುವಲ್ಲ. ಮಾಡಿಕೊಳ್ಳುತ್ತಿದ್ದ ಮಕ್ಕಳು ದೊಡ್ಡ ಶಾಲೆಗೆ ಹೋಗಿದ್ದರು. ಒಂದು ಸಾಧನ ಬೀಗದಿಂದ ಸತ್ತಿತು, ಇನ್ನೊಂದು ಬಡತನದಿಂದ ಸತ್ತಿತು. ಚಕ್ರವೊಂದಕ್ಕೆ ಹತ್ತು ರೂಪಾಯಿ ಹಿಡಿದರೂ, ಒಂದು ಲಕ್ಷಕ್ಕೆ ಹತ್ತು ಸಾವಿರ ಚಕ್ರಗಳನ್ನು ಗಟ್ಟಿ ರಟ್ಟಿನಲ್ಲಿ ಅಚ್ಚು ಹಾಕಿಸಬಹುದಿತ್ತು. ಈ ಲೆಕ್ಕವನ್ನು ನಾವು ಬಸ್ಸಿನಲ್ಲಿ ಹಿಂದಿರುಗುವಾಗ ಮೂರು ಸಲ ಮಾಡಿದೆವು. ಮೂರು ಸಲವೂ ಅದೇ ಬಂದಿತು.

ಇಷ್ಟನ್ನು ಓದಿ, ಯಂತ್ರವೆಂದರೆ ಕೆಟ್ಟದ್ದು, ರಟ್ಟೆಂದರೆ ಒಳ್ಳೆಯದು ಎಂದು ವಾಚಕರು ತಿಳಿಯಬಾರದು. ಟಾಂಗಾ ಪ್ರಾಂತದ ಮಕ್ಕಳಿಗೆ ಆ ಮಾತಾಡುವ ಸ್ಲೇಟು ಇಲ್ಲದಿದ್ದರೆ ಏನೂ ಇರಲಿಲ್ಲ. ಆದರೆ ಅಲ್ಲಿಯೂ ಓದಲಾರದವರು ಅರ್ಧ ಉಳಿದರೆಂಬುದನ್ನು ಮರೆಯಲಾಗದು. ಬಹುಮಾನವು ಗೆದ್ದವರನ್ನು ಎಣಿಸುತ್ತದೆ. ಊರು ಉಳಿದ ಮಕ್ಕಳನ್ನೂ ಎಣಿಸಬೇಕು. ಆ ಸ್ಪರ್ಧೆ ಮುಗಿದ ಮೇಲೆ ಮಲಾವಿ ದೇಶದ ಸರ್ಕಾರವು ಒನ್‌ಬಿಲಿಯನ್ ತಂಡದ ಪಾಠಗಳನ್ನು ತನ್ನ ಶಾಲೆಗಳ ಕೆಳತರಗತಿಗಳಲ್ಲಿ, ಅಲ್ಲಿಯ ಚಿಚೇವಾ ಭಾಷೆಯಲ್ಲಿ, ಉಪಾಧ್ಯಾಯರ ಎದುರಿನಲ್ಲಿಯೇ ಬಳಸಲು ಕೈಹಾಕಿತು. ಉಪಾಧ್ಯಾಯರು ಬೇಡವೆಂಬ ಪಂಥದಿಂದ ಹುಟ್ಟಿದ ಸಾಧನವು ಕಡೆಗೆ ಉಪಾಧ್ಯಾಯರ ಮೇಜಿನ ಬಳಿಗೇ ಬಂದು ನಿಂತುದು ನಮಗೆ ಸರಿಯಾಗಿಯೇ ತೋರುತ್ತದೆ.

ತೆರೆದಿಟ್ಟ ವಿದ್ಯೆ ದೂರ ನಡೆಯುತ್ತದೆಂಬುದಕ್ಕೂ ಸಾಕ್ಷಿಯುಂಟು. ಸಿರಿಯಾ ದೇಶದ ಯುದ್ಧದಿಂದ ಮನೆ ಮಠ ಬಿಟ್ಟುಹೋದ ಮಕ್ಕಳಿಗೆ ಅರಬ್ಬೀ ಅಕ್ಷರಗಳನ್ನು ಕಲಿಸಲೆಂದು ನಾರ್ವೆ ದೇಶದವರು 2016ರಲ್ಲಿ ಒಂದು ಸ್ಪರ್ಧೆಯನ್ನು ನಡೆಸಿದರು. 2017ರಲ್ಲಿ ಗೆದ್ದ ಎರಡು ಆಟಗಳಲ್ಲಿ 'ಫೀಡ್ ದಿ ಮಾನ್‌ಸ್ಟರ್' ಎಂಬುದೊಂದು: ಹಸಿದ ರಕ್ಕಸಮರಿಗೆ ಸರಿಯಾದ ಅಕ್ಷರವನ್ನು ತಿನ್ನಿಸಿದರೆ ಅದು ಬೆಳೆಯುತ್ತದೆ. ಅದನ್ನು ಮುಕ್ತವಾಗಿ ಬಿಟ್ಟುದರಿಂದ ಇತರರು ಹತ್ತಾರು ಭಾಷೆಗಳಿಗೆ ಒಗ್ಗಿಸ ಹತ್ತಿದರು. ಆದರೆ ಒಗ್ಗಿಸುವುದೆಂದರೆ ಹಾಡಿಗೆ ರಾಗ ಬದಲಾಯಿಸಿದಷ್ಟು ಸುಲಭವಲ್ಲ. ಸ್ವಾಹಿಲಿಯನ್ನು ಬರೆಯುವುದು ರೋಮನ್ ಲಿಪಿಯಲ್ಲಿ. ಅಕ್ಷರಗಳು ಒಂದರ ಪಕ್ಕಕ್ಕೊಂದು ಮರ್ಯಾದೆಯಿಂದ ಕುಳಿತುಕೊಳ್ಳುತ್ತವೆ. ನಮ್ಮವು ಹಾಗಲ್ಲ, ಒಂದರ ನೆತ್ತಿಯನ್ನು ಇನ್ನೊಂದು ಏರುತ್ತದೆ, ಒಂದರ ಕಾಲಿಗೆ ಇನ್ನೊಂದು ಒತ್ತಾಗಿ ಕಟ್ಟಿಕೊಳ್ಳುತ್ತದೆ. ಕೋಟಿ ಡಾಲರುಗಳ ಪಾಠವು ಕನ್ನಡಕ್ಕೆ ಬರುವ ದಿನ, ತಲೆಕಟ್ಟಿನ ಗುಟ್ಟನ್ನು ಬಲ್ಲವರೊಬ್ಬರು ಅದರ ಪಕ್ಕದಲ್ಲಿ ಇರಲೇಬೇಕು. ಅವರು ಬಿಸ್ಕತ್ತಿನ ಡಬ್ಬಿಯನ್ನು ಹಿಡಿದು ಬಸ್ಸಿನಲ್ಲಿ ಬರುವವರಾಗಿರಬಹುದು.

ಅಂಥವರನ್ನು ಗುರುತಿಸುವುದು ಹೇಗೆ? ಅಮೇರಿಕದಲ್ಲಿ 2020ರಿಂದ ಟೂಲ್ಸ್ ಕಾಂಪಿಟಿಷನ್ ಎಂಬ ಹೆಸರಿನಲ್ಲಿ, ಕಲಿಕೆಯ ಹೊಸ ಸಾಧನಗಳಿಗೆ ಹಣ ಒದಗಿಸುವ ಸ್ಪರ್ಧೆ ನಡೆದುಬಂದಿದೆ. ಮೊದಲು ಸಣ್ಣದೊಂದು ಸಾರಾಂಶ, ಅದು ಒಪ್ಪಿತವಾದರೆ ವಿವರವಾದ ಬಿನ್ನಹ, ಕಡೆಗೆ ಪರೀಕ್ಷಕರ ಎದುರಿಗೆ ಮಾತು, ಹೀಗೆ ಮೂರು ಮೆಟ್ಟಿಲುಗಳು. ನಮ್ಮ ಹತ್ತು ನಿಮಿಷಕ್ಕಿಂತ ಇದು ಎಷ್ಟೋ ಮೇಲು. ಆದರೂ ಚೆನ್ನಾಗಿ ಬರೆಯಬಲ್ಲವರೂ ಚೆನ್ನಾಗಿ ಆಡಬಲ್ಲವರೂ ಇಂಥ ಮೆಟ್ಟಿಲುಗಳನ್ನು ಬೇಗ ಏರುವರು. ಚೆನ್ನಾಗಿ ಕಲಿಸಬಲ್ಲವರಲ್ಲಿ ಅನೇಕರು ಮಕ್ಕಳ ಎದುರಿನಲ್ಲಿ ಮಾತ್ರ ವಾಗ್ಮಿಗಳು. ಮೇಜಿನ ಎದುರಿನಲ್ಲಿ ಅವರ ನಾಲಗೆ ಒಣಗುತ್ತದೆ. ಇದು ಸ್ಪರ್ಧೆಗಳ ಸಹಜವಾದ ದೋಷ; ಪರೀಕ್ಷಕನು ಎದ್ದು ತರಗತಿಗೆ ಹೋಗದಿದ್ದರೆ ತಾನಾಗಿ ಹೋಗುವುದಲ್ಲ.

ನಾವು ಬಹಳ ದಿನ ಹುಡುಕಿ ಆ ಶಿಕ್ಷಕಿಯ ವಿಳಾಸವನ್ನು ತಿಳಿದು, ನಡೆದುದನ್ನೆಲ್ಲ ಬರೆದು ಕ್ಷಮೆ ಕೇಳಿದೆವು. ಮೂರು ವಾರಗಳ ಮೇಲೆ ಒಂದು ಕಾರ್ಡು ಬಂದಿತು. ಅದರಲ್ಲಿ ಕೋಪವಿರಲಿಲ್ಲ, ಬಹುಮಾನದ ಮಾತೂ ಇರಲಿಲ್ಲ. ಹೊಸ ಶಾಲೆಯಲ್ಲಿ ಮತ್ತೆ ಚಕ್ರಗಳನ್ನು ಮಾಡಿರುವರಂತೆ. ಒತ್ತಕ್ಷರಕ್ಕೆ ಮೂರನೆಯದನ್ನು ಮಾಡಲು ಹೊರಟು ಎರಡು ಸಲ ಸೋತಿರುವರಂತೆ. ಕಡೆಯಲ್ಲಿ ಹೀಗೆ ಬರೆದಿದ್ದರು: "ಅಂದು ನನ್ನ ಚಕ್ರದಲ್ಲಿ ದೋಷವೇನೆಂದು ಯಾರೂ ತಿಳಿಸಲಿಲ್ಲ. ತಿಳಿಸುವಿರೆಂದು ಆರು ತಿಂಗಳು ಅಂಚೆಯನ್ನು ನೋಡಿದೆ. ತಿಳಿಸಿದ್ದರೆ ತಿದ್ದಿಕೊಳ್ಳುತ್ತಿದ್ದೆ."

ನಾವು ಇಪ್ಪತ್ತೆರಡು ಜನರನ್ನು ಸೋಲಿಸಿ ಮನೆಗೆ ಕಳುಹಿಸಿದ್ದೆವು. ಒಬ್ಬರಿಗೂ ಒಂದು ಸಾಲಿನ ಕಾರಣವನ್ನು ಬರೆದಿರಲಿಲ್ಲ. ಅವರೆಲ್ಲರೂ ತಮ್ಮ ತಮ್ಮ ಸಾಧನಗಳನ್ನು ಅಟ್ಟದ ಮೇಲಿಟ್ಟು, ಕಾರಣವನ್ನು ಊಹಿಸುತ್ತ ಕುಳಿತಿರಬೇಕು. ಆ ಕಾರ್ಡಿಗೆ ಉತ್ತರ ಬರೆಯುವುದಕ್ಕೆ ನಮಗೆ ನಾಲ್ಕು ದಿನ ಹಿಡಿಯಿತು. ಬರೆದುದಿಷ್ಟೇ: ದೋಷವು ಚಕ್ರದಲ್ಲಿರಲಿಲ್ಲ, ನೋಡಿದ ಕಣ್ಣಿನಲ್ಲಿದ್ದಿತು.

ಪಂಚಾಂಗದೊಳಗಿನ ಕಾಗದಕ್ಕೂ ನೆನ್ನೆ ಉತ್ತರ ಕೊಟ್ಟೆವು. ಬರುತ್ತೇವೆ, ಆದರೆ ನಾಲ್ಕು ಕಟ್ಟಳೆಗಳಿವೆ ಎಂದು ಬರೆದಿದ್ದೇವೆ. ಬಂದ ಸಾಧನಗಳಲ್ಲಿ ಒಳ್ಳೆಯವೆಂದು ತೋರಿದ ಐದಾರನ್ನು ಎರಡು ಶಾಲೆಗಳಲ್ಲಿ ಒಂದು ಅವಧಿಯವರೆಗೆ ಮಕ್ಕಳ ಕೈಯಲ್ಲಿಯೇ ಬಿಟ್ಟು, ಮುಂಚೆ ಎಷ್ಟು ಬರುತ್ತಿದ್ದಿತು, ಆಮೇಲೆ ಎಷ್ಟು ಬಂದಿತೆಂದು ನೋಡಿದ ಮೇಲೆಯೇ ಅಂಕ ಹಾಕಬೇಕು. ಗೆದ್ದ ಸಾಧನವನ್ನು ಮಾಡುವ ಬಗೆಯನ್ನು ಯಾವ ಶಾಲೆಯಾದರೂ ನೋಡಿ ಮಾಡಿಕೊಳ್ಳುವಂತೆ ಪ್ರಕಟಿಸಬೇಕು. ಕೆಟ್ಟರೆ ರಿಪೇರಿಗೆ ಬೇಕಾದ ಹಣವನ್ನು ಬಹುಮಾನದಲ್ಲಿಯೇ ತೆಗೆದಿಡಬೇಕು. ಸೋತವರಿಗೆಲ್ಲ ಸೋತುದೇಕೆಂದು ಪರೀಕ್ಷಕರು ಕೈಯಾರೆ ಬರೆದು ತಿಳಿಸಬೇಕು. ಸಂಸ್ಥೆಯವರು ಇದಕ್ಕೆ ಏನೆನ್ನುವರೋ ತಿಳಿಯದು. ಹೀಗೆ ಮಾಡಿದರೆ ಒಂದೇ ದಿನದಲ್ಲಿ ಸಮಾರಂಭ ಮುಗಿಯುವುದಿಲ್ಲ, ಹೋಳಿಗೆಯ ಊಟಕ್ಕೆ ದಿನವನ್ನು ಮೊದಲೇ ಗೊತ್ತುಮಾಡಲಾಗುವುದಿಲ್ಲ, ಇದು ತೊಡಕೇ.

ಹೂವಿನಾಕೆಯ ಮಗಳು ಈಗ ಮೇಲಿನ ತರಗತಿಯಲ್ಲಿದ್ದಾಳೆ. ತಲೆಕಟ್ಟನ್ನು ಕಳಚಿದ ಚಕ್ರವನ್ನು ಅಂದು ಅಕ್ಕನೂ ಆಕೆಯೂ ಕೂಡಿ ಮಾಡಿದರು. ಅದರ ಅಂಚುಗಳು ಸವೆದು, ಅರಿಸಿನದ ಬೆರಳುಗುರುತುಗಳು ಬಿದ್ದು, ಈಗ ಆಕೆಯ ತಮ್ಮನ ಪಾಲಿಗೆ ಬಂದಿದೆ. ಮೊನ್ನೆ ಅವನು ಅದನ್ನು ತಿರುಗಿಸುತ್ತ ಜಗಲಿಯ ಮೇಲೆ ಕುಳಿತಿದ್ದನು. ನಾವು ಈ ಸಲ ಏನನ್ನೂ ಹೇಳದೆ, ಪಕ್ಕದಲ್ಲಿ ಕುಳಿತು ನೋಡಿದೆವು. ಗಂಟೆಯನ್ನು ಬಾರಿಸುವವರು ಯಾರೂ ಇರಲಿಲ್ಲ.